ಉಜ್ಜಮ್ಮ ಉಜ್ಜುವುದನ್ನು ಬಿಟ್ಟದ್ದು

ನನ್ನ ನಾದಿನಿಗೆ ಉಜ್ಜಮ್ಮ ಎಂದು ಹೆಸರಿಟ್ಟವನು ಅವಳ ಗಂಡನೇ. ಅವನು ಅಂಗಡಿಗಳಿಗೆ ಬೋರ್ಡು ಬರೆಯುವವನು, ಬೀದಿಯವರ ಬಾಯಲ್ಲಿ ಬಣ್ಣದಣ್ಣ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ, ಅವನ ಬಣ್ಣದ ಡಬ್ಬಗಳೆಲ್ಲ ಒಳಗೂ ಹೊರಗೂ ಫಳಫಳಿಸುತ್ತ ಗೋಡೆಯುದ್ದಕ್ಕೂ ಬೋರಲು ಮಲಗಿದ್ದವು. ಡಬ್ಬಗಳ ತಳದಲ್ಲಿ ಉಳಿದದ್ದನ್ನು ಒಂದಕ್ಕೊಂದು ಬೆರೆಸಿ, ದುಡ್ಡು ಕೊಟ್ಟರೂ ಸಿಗದಂಥ ಒಂದು ಜೇನುಬಣ್ಣವನ್ನು ಅವನು ಮಾಡಿಟ್ಟುಕೊಂಡಿದ್ದ. ಅದೂ ಚರಂಡಿ ಸೇರಿತ್ತು. ಸ್ವಲ್ಪ ಹೊತ್ತು ತಲೆಯ ಮೇಲೆ ಕೈಹೊತ್ತು ಕೂತವನು ಆಮೇಲೆ ನಗುವುದಕ್ಕೆ ಶುರುಮಾಡಿದನಂತೆ. ಮರುದಿನ ಒಂದು ತಗಡಿನ ತುಂಡು ಕತ್ತರಿಸಿ, "ಇಲ್ಲಿ ಮನುಷ್ಯರನ್ನೂ ತೊಳೆದು ಕೊಡಲಾಗುವುದು" ಎಂದು ದುಂಡಗೆ ಬರೆದು, ಕೆಳಗೆ ಚಿಕ್ಕದಾಗಿ "ಮಾಲೀಕರು: ಉಜ್ಜಮ್ಮ" ಎಂದು ಸೇರಿಸಿ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ. ಬಂದವರೆಲ್ಲ ಓದಿ ನಕ್ಕರು. ಅವಳು ಒಂದು ದಿನ ಮುಖ ಊದಿಸಿಕೊಂಡು ಓಡಾಡಿದಳು. ಆಮೇಲೆ ಆ ತಗಡನ್ನೂ ವಾರಕ್ಕೊಮ್ಮೆ ಒರೆಸತೊಡಗಿದಳು. ಹೆಸರು ಮಾತ್ರ ಅವಳಿಗೆ ಅಂಟಿಕೊಂಡೇಬಿಟ್ಟಿತು.

ಈ ಉಜ್ಜಾಟ ಅವಳಿಗೆ ಬಂದದ್ದು ನನ್ನ ಅತ್ತೆಯಿಂದ. ಅತ್ತೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಮಕ್ಕಳಿಬ್ಬರನ್ನು, ಅಂದರೆ ನನ್ನ ಗಂಡನನ್ನೂ ಈ ಮಗಳನ್ನೂ, ಸಾಕಿದವರು. ಪಾತ್ರೆ ಶುದ್ಧವಾಯಿತೋ ಇಲ್ಲವೋ ಎಂಬುದಕ್ಕೆ ಅವರದು ಒಂದೇ ಪರೀಕ್ಷೆ. ಒಳಗೆ ಬೆರಳು ಆಡಿಸುವುದು. ಬೆರಳು ಜಾರಿದರೆ ಜಿಡ್ಡು ಉಳಿದಿದೆ, ಮತ್ತೆ ತಿಕ್ಕಬೇಕು. ಬೆರಳು ಕಿರ್ರೆಂದು ಸದ್ದು ಮಾಡಿದರೆ ಆಯಿತು, ಬೋರಲು ಹಾಕಬಹುದು. ನಾನು ಸೊಸೆಯಾಗಿ ಬಂದಾಗ ನನಗೂ ಇದೇ ಪಾಠ. ನಾನೋ ಸೋಮಾರಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಕಿರ್ರೆನ್ನಿಸಿಬಿಡುತ್ತಿದ್ದೆ. ನಾದಿನಿಗೆ ಅಂಥ ಕಳ್ಳಾಟ ಬರುತ್ತಿರಲಿಲ್ಲ. ಅವಳ ಕೈಗೆ ಬಂದದ್ದು ಲೋಟವಾಗಲಿ, ನೆಲವಾಗಲಿ, ಕೂಸಿನ ಕಿವಿಯಾಗಲಿ, ಜಾರುವುದು ನಿಲ್ಲುವವರೆಗೆ ಬಿಡುತ್ತಿರಲಿಲ್ಲ.

ಈ ಕೈಯೇ ಅವಳಿಗೆ ಕೆಲಸ ಕೊಡಿಸಿತು. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ ಸಂಶೋಧನೆ ಮಾಡುವವರ ಒಂದು ಕಟ್ಟಡವಿತ್ತು. ಅಲ್ಲಿ ಗಾಜಿನ ಬಾಟಲಿ, ಕೊಳವೆ, ತಟ್ಟೆಗಳನ್ನು ತೊಳೆಯುವ ಕೋಣೆಗೆ ಅವಳು ಸೇರಿದಳು. ಕಲ್ಲಿನ ತೊಟ್ಟಿ, ಸಾಲಾಗಿ ನಲ್ಲಿಗಳು, ಗೋಡೆಗೆ ನೇತುಹಾಕಿದ ಬಗೆಬಗೆಯ ಬ್ರಷ್ಷುಗಳು. ಅವಳಿಗೆ ಅದು ತವರುಮನೆಯ ಹಾಗೆ ಕಂಡಿತು. ಬೇರೆಯವರು ತೊಳೆದ ಬಾಟಲಿಯನ್ನು ಅಲ್ಲಿನ ಸಂಶೋಧಕರು ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಅವಳು ತೊಳೆದದ್ದನ್ನು ನೋಡದೆಯೇ ಒಯ್ಯುತ್ತಿದ್ದರು. ಇಷ್ಟು ಸಾಕಾಗಿತ್ತು ಅವಳಿಗೆ.

ಬಣ್ಣದಣ್ಣನಿಗೆ ಎದೆನೋವು ಶುರುವಾದದ್ದು ನಲವತ್ತು ದಾಟಿದ ಮೇಲೆ. ಅದು ಬರುವ ರೀತಿಯೇ ವಿಚಿತ್ರ. ಸುಡುವ ಬಿಸಿಲಲ್ಲಿ ಏಣಿಯ ತುದಿಯಲ್ಲಿ ನಿಂತು ಸಂಜೆಯವರೆಗೆ ಬರೆದರೂ ಏನೂ ಆಗುತ್ತಿರಲಿಲ್ಲ. ನಸುಕಿನಲ್ಲಿ, ಇನ್ನೂ ಹಾಸಿಗೆ ಬಿಡದೆ ಮಲಗಿದ್ದಾಗ ಬರುತ್ತಿತ್ತು. ಎದೆಯೊಳಗೆ ಯಾರೋ ಒದ್ದೆಬಟ್ಟೆ ಹಿಂಡಿದ ಹಾಗೆ ಆಗುತ್ತದೆ ಅಕ್ಕ ಎಂದು ನನಗೆ ಹೇಳಿದ್ದ. ಬೆವರಿಳಿದು, ಎಡಗೈ ಜೋಮು ಹಿಡಿದು, ಆಮೇಲೆ ತಾನೇ ಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಗುಂಡಿಗೆಯ ನಾಳಗಳಿಗೆ ಬಣ್ಣದ ಮದ್ದು ಹಾಯಿಸಿ ಚಿತ್ರ ತೆಗೆದರು. ಎಲ್ಲೂ ಕಟ್ಟಿಕೊಂಡಿಲ್ಲ, ನಾಳವೇ ಒಮ್ಮೊಮ್ಮೆ ಬಿಗಿದುಕೊಳ್ಳುತ್ತದೆ ಎಂದರು. ಸಿಗರೇಟು ಬಿಡಿ ಎಂದರು. ದಿನಾ ನುಂಗುವ ಒಂದು ಮಾತ್ರೆ ಕೊಟ್ಟರು, ಅದರಿಂದ ಪಾದ ಬಾತು ಏಣಿಯ ಮೇಲೆ ನಿಲ್ಲಲಾಗದೆ ಅವನು ಅದನ್ನು ಬಿಟ್ಟುಬಿಟ್ಟ. ಉಳಿದದ್ದು ಇನ್ನೊಂದು, ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಬಿಳಿ ಮಾತ್ರೆ.

ಆ ಮಾತ್ರೆ ಬರುತ್ತಿದ್ದುದು ಕಂದು ಗಾಜಿನ ಸಣ್ಣ ಸೀಸೆಯಲ್ಲಿ. ಬಾಯಿ ಕಿರಿದು, ಮುಚ್ಚಳ ಗಟ್ಟಿ, ಚೀಟಿಯ ಅಂಟು ಮೈಯೆಲ್ಲ ಮೆತ್ತಿರುತ್ತಿತ್ತು. ನೋವಿನಲ್ಲಿ ನಡುಗುವ ಬೆರಳಿಗೆ ಆ ಮುಚ್ಚಳ ತಿರುಗುತ್ತಿರಲಿಲ್ಲ. ಉಜ್ಜಮ್ಮ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಮಾತ್ರೆಗಳು ಪುಡಿಯಾಗದಿರಲಿ ಎಂದು ತಳಕ್ಕೆ ಹತ್ತಿ ಹಾಸಿ, ಅವುಗಳನ್ನೆಲ್ಲ ಅದಕ್ಕೆ ಸುರಿದಳು. ಮುಚ್ಚಳ ಬೆರಳು ತಾಗಿಸಿದರೆ ತೆರೆಯುವಷ್ಟು ಸಡಿಲ. ಅದನ್ನು ಅವನ ತಲೆದಿಂಬಿನ ಹತ್ತಿರದ ಕಿಟಕಿಯ ಕಟ್ಟೆಯ ಮೇಲೆ, ಬೆಳಗಿನ ಮೊದಲ ಬೆಳಕು ಬೀಳುವಲ್ಲಿ ಇಟ್ಟಳು. ಕಣ್ಣು ಬಿಟ್ಟ ಕೂಡಲೇ ಕಾಣಬೇಕು, ಕೈ ಚಾಚಿದರೆ ಸಿಗಬೇಕು. ನಾನು ನೋಡಿ, ಎಷ್ಟು ಜಾಣೆ ನೀನು ಎಂದಿದ್ದೆ. ಮುಗಿದಾಗೆಲ್ಲ ಹೊಸ ಸೀಸೆ ಬರುತ್ತಿತ್ತು, ಬಂದ ದಿನವೇ ಡಬ್ಬಿಗೆ ಸುರಿಯುತ್ತಿದ್ದಳು.

ಮೊದಮೊದಲು ಮಾತ್ರೆ ಒಂದಿಷ್ಟು ಹಿಡಿಸಿದಂತೆ ಇತ್ತು. ಆಮೇಲೆ ಇಟ್ಟುಕೊಂಡರೂ ಒಂದೇ, ಬಿಟ್ಟರೂ ಒಂದೇ ಆಯಿತು. ಡಾಕ್ಟರುಗಳ ಮುಖದಲ್ಲಿ ಅನುಮಾನ ಮೂಡಿತು. ಗುಂಡಿಗೆಯ ನೋವಾಗಿದ್ದರೆ ಈ ಮಾತ್ರೆಗೆ ಬಗ್ಗಬೇಕಿತ್ತಲ್ಲ ಎಂದು ಹೊಟ್ಟೆಯ ಹುಳಿಗೆ ಔಷಧಿ ಬರೆದರು, ಆಮೇಲೆ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಇದು ಬೀದಿಗೆ ಗೊತ್ತಾದದ್ದೇ ತಡ, ನಾಲಿಗೆಗಳು ಸಡಿಲವಾದವು. ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಬರುವ ಕಾಯಿಲೆ ಎಂದು ಕ್ಷೌರದಂಗಡಿಯವನು ಕುಚೋದ್ಯ ಮಾಡಿದ. ನನ್ನ ಗಂಡನೂ ಕಡಿಮೆಯವರಲ್ಲ.

"ಏಣಿ ಹತ್ತುವಾಗ ಬರದ ನೋವು ಹಾಸಿಗೇಲಿ ಬರುತ್ತಲ್ಲ ಭಾವ, ನೀನು ಏಣಿ ಮೇಲೇ ಮಲ್ಕೊಂಡುಬಿಡು" ಎಂದರು ಒಂದು ಸಲ.

ಬಣ್ಣದಣ್ಣ ನಕ್ಕ. ನಗುವುದನ್ನು ಅವನು ಯಾವತ್ತೂ ಬಿಟ್ಟವನಲ್ಲ. ಆದರೆ ಆಮೇಲಾಮೇಲೆ ನೋವು ಬಂದರೆ ಹೇಳುವುದನ್ನೇ ನಿಲ್ಲಿಸಿದ. ಗೋಡೆಯ ಕಡೆ ತಿರುಗಿಕೊಂಡು ಹಲ್ಲುಕಚ್ಚಿ ಮಲಗಿರುತ್ತಿದ್ದ. ಅವನ ಬೆನ್ನಿನ ಮೇಲಿನ ಬೆವರು ನೋಡಿ ಉಜ್ಜಮ್ಮನಿಗೆ ತಿಳಿಯುತ್ತಿತ್ತು. ಇದು ನಟನೆಯಲ್ಲ ಎಂದು ಅವಳೊಬ್ಬಳಿಗೇ ಗೊತ್ತಿತ್ತು, ಯಾಕೆಂದರೆ ಆ ಬೆವರಿನ ಬಟ್ಟೆ ಒಗೆಯುವವಳು ಅವಳು.

ಆ ಸಮಯದಲ್ಲೇ ಸಂಶೋಧನೆಯ ಕಟ್ಟಡದ ಮೂರನೇ ಮಹಡಿಗೆ ಒಬ್ಬ ಡಾಕ್ಟರಮ್ಮ ಹೊಸದಾಗಿ ಬಂದಳು. ರೋಗಿಗಳನ್ನು ನೋಡುವ ಡಾಕ್ಟರಲ್ಲ. ರಕ್ತನಾಳಗಳು ಯಾಕೆ ಬಿಗಿಯುತ್ತವೆ, ಯಾಕೆ ಸಡಿಲಾಗುತ್ತವೆ ಎಂದು ನೋಡುವವಳು. ಇದನ್ನು ಯಾರ ಬಾಯಿಂದಲೋ ಕೇಳಿದ್ದೇ ಉಜ್ಜಮ್ಮ ಕೈ ಒರೆಸಿಕೊಂಡು ಮೇಲೆ ಹತ್ತಿದಳು. ನಿಮ್ಮ ಕೋಣೆಯಲ್ಲಿ ಏನು ಕೆಲಸವಿದ್ದರೂ ಕೊಡಿ ಎಂದು ಕೇಳಿದಳು. ಗಂಡನ ಸಂಗತಿಯನ್ನೂ ಹೇಳಿದಳು. ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದಳಂತೆ.

"ಇದು ಮದ್ದು ಕೊಡೋ ಕೋಣೆ ಅಲ್ಲಮ್ಮ. ಯಾಕೆ ಅಂತ ಕೇಳೋ ಕೋಣೆ. ಇಲ್ಲಿ ಸಿಕ್ಕ ಉತ್ತರ ನಿಮ್ಮನೆವರೆಗೂ ಬರೋಷ್ಟರಲ್ಲಿ ನನ್ನ ತಲೆ ಬೆಳ್ಳಗಾಗಿರುತ್ತೆ" ಎಂದಳಂತೆ.

"ಕೇಳೋ ಕಡೆ ನಿಂತಿರ್ತೀನಿ ಡಾಕ್ಟರಮ್ಮ. ಕೆಳಗಡೆ ನಲ್ಲಿ ಹತ್ರ ನಿಂತ್ರೆ ಏನೂ ಕೇಳಿಸಲ್ಲ" ಎಂದು ಇವಳು ಹೇಳಿದಳಂತೆ.

ಹೀಗೆ ಅವಳು ಆ ಕೋಣೆ ಸೇರಿದಳು. ಒಂದು ಮಧ್ಯಾಹ್ನ ಅವಳು ಮರೆತುಹೋದ ಬುತ್ತಿಯನ್ನು ಕೊಡುವುದಕ್ಕೆ ಹೋಗಿ ನಾನೂ ಅದನ್ನು ಕಂಡಿದ್ದೇನೆ. ತೆರೆಯಲು ಬಾರದ ಕಿಟಕಿ, ಗುಳುಗುಳು ಸದ್ದು ಮಾಡುವ ನೀರಿನ ತೊಟ್ಟಿ. ಆ ನೀರನ್ನು ಮೈಯಷ್ಟೇ ಬೆಚ್ಚಗೆ ಇಟ್ಟಿರುತ್ತಾರೆ. ಕಸಾಯಿಖಾನೆಯಿಂದ ಮಂಜುಗಡ್ಡೆಯ ಡಬ್ಬದಲ್ಲಿ ದನದ ರಕ್ತನಾಳಗಳು ಬರುತ್ತವೆ, ಬಿಳಿಚಿಕೊಂಡ ಮೆತ್ತನೆಯ ಕೊಳವೆಗಳು. ಸುತ್ತಲಿನ ಕೊಬ್ಬು ಬಿಡಿಸಿ, ತೊಳೆದು, ಅಡ್ಡಡ್ಡ ಕತ್ತರಿಸಿದರೆ ಉಂಗುರಗಳಾಗುತ್ತವೆ. ಉಂಗುರವನ್ನು ಎರಡು ಕೊಕ್ಕೆಗಳ ನಡುವೆ ನೀರಿನೊಳಗೆ ತೂಗುಹಾಕುತ್ತಾರೆ. ಒಂದು ಕೊಕ್ಕೆಗೆ ದಾರ, ದಾರದ ತುದಿಗೆ ಪೆನ್ನು, ಪೆನ್ನಿನ ಕೆಳಗೆ ನಿಧಾನವಾಗಿ ಸುತ್ತುವ ಕಾಗದ. ಉಂಗುರ ಬಿಗಿದರೆ ಗೆರೆ ಮೇಲಕ್ಕೆ ಹತ್ತುತ್ತದೆ, ಸಡಿಲಾದರೆ ಕೆಳಗಿಳಿಯುತ್ತದೆ. ಸತ್ತ ದನದ ನಾಳ ಇನ್ನೂ ಹಿಡಿಯುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಉಜ್ಜಮ್ಮ ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದಳು.

"ಹೀಗೆ ಹಿಡಿಯುತ್ತೆ ಅತ್ತಿಗೆ. ಹಿಡಿಯೋದೇನೋ ಹಿಡಿಯುತ್ತೆ. ಬಿಡೋದೇ ಮರೆತುಹೋಗಿದೆ ಇವಕ್ಕೆ."

ಅದೇ ಅಲ್ಲಿನ ತಲೆನೋವು. ಡಾಕ್ಟರಮ್ಮನ ಹತ್ತಿರ ಒಂದು ದ್ರವವಿತ್ತು. ಅದರ ಒಂದು ಹನಿ ಬಿದ್ದರೆ ಬಿಗಿದ ನಾಳ ಸಡಿಲಾಗಬೇಕು. ಬೇರೆ ಕಡೆ ಹಾಗೇ ಆಗುತ್ತದೆ, ಅವಳೇ ಹಿಂದೆ ಇದ್ದಲ್ಲಿ ಕಣ್ಣಾರೆ ನೋಡಿದ್ದಳು. ಇಲ್ಲಿ ಹನಿ ಬಿದ್ದ ಕೂಡಲೇ ಪೆನ್ನು ಇನ್ನೂ ಮೇಲಕ್ಕೆ ಹತ್ತುತ್ತಿತ್ತು. ದ್ರವ ಹಳಸಿದೆ ಎಂದು ಹೊಸದನ್ನು ತರಿಸಿದಳು. ನೀರಿನ ಉಪ್ಪು ಸರಿಯಿಲ್ಲ ಎಂದು ಉಪ್ಪು ಬದಲಿಸಿದಳು. ಕಸಾಯಿಖಾನೆಯವರು ತಡಮಾಡುತ್ತಾರೆ ಎಂದು ತಾನೇ ಹೋಗಿ ಬಾಗಿಲಲ್ಲಿ ಕಾದುನಿಂತಳು. ಏನು ಮಾಡಿದರೂ ಗೆರೆ ಮೇಲಕ್ಕೇ. ಅತ್ತ ಮೇಲಿನವರು ಕೋಣೆಯನ್ನು ಬೇರೆಯವರಿಗೆ ಕೊಡುವ ಮಾತಾಡತೊಡಗಿದ್ದರು. ಉಜ್ಜಮ್ಮ ಮಾತ್ರ ದಿನದಿಂದ ದಿನಕ್ಕೆ ಇನ್ನಷ್ಟು ಶ್ರದ್ಧೆಯಿಂದ ನಾಳಗಳನ್ನು ತೊಳೆಯುತ್ತಿದ್ದಳು. ಆ ಗೆರೆ ಒಂದು ಸಲ ಕೆಳಗಿಳಿಯಲಿ ಎಂದು ಅವಳು ಕಾಯುತ್ತಿದ್ದಷ್ಟು ಡಾಕ್ಟರಮ್ಮನೂ ಕಾದಿರಲಿಕ್ಕಿಲ್ಲ. ಇಲ್ಲಿ ಉಂಗುರ ಬಿಡುವುದನ್ನು ಕಲಿತರೆ ಮನೆಯಲ್ಲಿ ಗಂಡನ ಎದೆಯೂ ಬಿಡುವುದನ್ನು ಕಲಿಯುತ್ತದೆ ಎಂದು ಅವಳ ನಂಬಿಕೆ. ಸಂಜೆ ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ತಲೆ ಅಲ್ಲಾಡಿಸುತ್ತಿದ್ದಳು. ಇವತ್ತೂ ಇಲ್ಲ ಎಂದರ್ಥ.

ಹೀಗೆ ಎರಡು ವರ್ಷ ಹೋಯಿತು.

ಒಂದು ಬೆಳಿಗ್ಗೆ ಬಣ್ಣದಣ್ಣನ ನೋವು ಎಂದಿಗಿಂತ ಹೆಚ್ಚಾಗಿ, ಅವನು ಹಾಸಿಗೆಯಿಂದ ಉರುಳಿ ನೆಲಕ್ಕೆ ಬಿದ್ದ. ಅವನನ್ನು ಎತ್ತಿ ಕೂರಿಸಿ, ನನ್ನ ವಶಕ್ಕೆ ಬಿಟ್ಟು, ಕೈನಡುಕ ನಿಲ್ಲುವ ಮೊದಲೇ ಉಜ್ಜಮ್ಮ ಕೆಲಸಕ್ಕೆ ಹೋದಳು. ಆ ನಡುಕದಲ್ಲಿ ಕತ್ತರಿ ಜಾರಿ, ಹಿಡಿಯಲು ಹೋದ ಅವಳ ಬಲಗೈ ತೋರುಬೆರಳು ಕುಯ್ದಿತು. ಅಷ್ಟು ದಪ್ಪ ಬಟ್ಟೆ ಸುತ್ತಿಕೊಂಡ ಮೇಲೆ ನಾಳದ ಒಳಗನ್ನು ಶುದ್ಧಮಾಡುವ ದಾರಿಯೇ ಇಲ್ಲ. ಅವಳ ಕ್ರಮ ಏನೆಂದರೆ, ಹತ್ತಿಯನ್ನು ಬತ್ತಿಯಂತೆ ಹೊಸೆದು, ಚಿಮಟದಲ್ಲಿ ಹಿಡಿದು, ನಾಳದೊಳಗೆ ತೂರಿಸಿ, ಬಾಟಲಿಗೆ ಬ್ರಷ್ಷು ಆಡಿಸಿದ ಹಾಗೆ ತಿರುಗಿಸುವುದು. ಒಳಗೋಡೆ ಲೋಳೆಯಂತೆ ಜಾರುತ್ತಿತ್ತಲ್ಲ, ಆ ಜಾರು ಹೋಗುವವರೆಗೆ. ಆವತ್ತು ಅದು ಆಗಲಿಲ್ಲ. ಬರೀ ನೀರು ಹಾಯಿಸಿ, ರಕ್ತ ಹೋದದ್ದೇ ಸಾಕೆಂದು ಕತ್ತರಿಸಿ ತೂಗುಹಾಕಿಬಿಟ್ಟಳು. ಮೈಲಿಗೆ ಪಾತ್ರೆಯಲ್ಲಿ ಬಡಿಸಿದಷ್ಟು ನಾಚಿಕೆ ಅವಳಿಗೆ. ಯಾರಿಗೂ ಹೇಳದಿದ್ದರಾಯಿತು ಎಂದುಕೊಂಡಳು.

ಡಾಕ್ಟರಮ್ಮ ಹನಿ ಬಿಟ್ಟಳು. ಪೆನ್ನು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಇಳಿಯತೊಡಗಿತು. ಇಳಿದು, ಇಳಿದು, ಕಾಗದದ ಅಂಚಿನವರೆಗೆ ಬಂತು.

ಡಾಕ್ಟರಮ್ಮ ಕೂತಲ್ಲಿಂದ ಏಳಲಿಲ್ಲವಂತೆ. ಎರಡನೇ ಉಂಗುರಕ್ಕೂ ಹನಿ ಬಿಟ್ಟಳು. ಅದೂ ಇಳಿಯಿತು. ಆಗ ತಿರುಗಿ, ಇವತ್ತು ಏನು ಮಾಡಿದಿರಿ ಎಂದು ಕೇಳಿದಳು. ಸಿಕ್ಕಿಬಿದ್ದೆ ಎಂದು ಉಜ್ಜಮ್ಮ ಬಟ್ಟೆ ಸುತ್ತಿದ ಬೆರಳನ್ನು ಮುಂದೆ ಹಿಡಿದಳು.

"ಇವತ್ತೊಂದು ದಿನ ಒಳಗಡೆ ಉಜ್ಜಲಿಲ್ಲ ಡಾಕ್ಟರಮ್ಮ. ಬೆರಳು ಕುಯ್ದಿತ್ತು. ನಾಳೆಯಿಂದ ಸರಿಯಾಗಿ ಉಜ್ತೀನಿ."

"ದಿನಾ ಉಜ್ತಿದ್ರಾ?"

"ಜಿಡ್ಡಿರುತ್ತಲ್ಲ. ಕಿರ್ರನ್ನೋವರೆಗೂ ಉಜ್ತಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು, ಕಣ್ಣುಗಳನ್ನು ಅಂಗೈಯಿಂದ ಒತ್ತಿಕೊಂಡಳಂತೆ. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ ಎಂದು ಉಜ್ಜಮ್ಮ ಹೇಳಿದ್ದಳು. ಕೊನೆಗೆ, "ಚೆನ್ನಾಗಿ ಕ್ಲೀನ್ ಮಾಡಿ ಅಂದವಳು ನಾನೇ. ಹೇಗೆ ಮಾಡ್ತಿದೀರಿ ಅಂತ ಒಂದಿನ ಪಕ್ಕ ಕೂತು ನೋಡಲಿಲ್ಲ" ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ಮಧ್ಯಾಹ್ನ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ತಿಳಿಸಿ ಹೇಳಿದಳು. ನಾಳದ ಒಳಗೋಡೆಯ ಮೇಲೆ ಒಂದು ಪೊರೆ ಇದೆ, ಅದೇ ಆ ಜಾರು. ಉಜ್ಜಿದ ತುಂಡೊಂದನ್ನೂ ಉಜ್ಜದ ತುಂಡೊಂದನ್ನೂ ಬಣ್ಣಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಉಜ್ಜದ್ದರಲ್ಲಿ ಒಂದರ ಪಕ್ಕ ಒಂದು ಕಲ್ಲು ಹಾಸಿದ ಅಂಗಳದ ಹಾಗಿತ್ತು. ಉಜ್ಜಿದ್ದರಲ್ಲಿ ಅಂಗಳವೇ ಇರಲಿಲ್ಲ. ಆ ಪೊರೆಯ ಹಿಂದೆ ನಾಳವನ್ನು ಸುತ್ತುವರಿದ ಸ್ನಾಯು ಇದೆ, ಬಿಗಿಯುವುದು ಅದು. ಬಿಡು ಎಂದು ಅದಕ್ಕೆ ಹೇಳುವುದು ಪೊರೆ. ರಕ್ತ ಹರಿಯುತ್ತ ಸವರಿಕೊಂಡು ಹೋಗುತ್ತದಲ್ಲ, ಆ ಸವರುವಿಕೆ ಪೊರೆಗೆ ತಿಳಿಯುತ್ತದೆ. ಕೂಡಲೇ ಅದು ಕಣ್ಣಿಗೆ ಕಾಣದ ಹಬೆಯಂಥದ್ದೇನನ್ನೋ ಹಿಂದಿನ ಸ್ನಾಯುವಿಗೆ ಕಳಿಸುತ್ತದೆ, ಸ್ನಾಯು ಸಡಿಲಾಗುತ್ತದೆ. ಆ ಹಬೆ ಕ್ಷಣದಲ್ಲಿ ಆರಿಹೋಗುವಂಥದ್ದು, ಅದಕ್ಕೇ ಪೊರೆ ಹುಟ್ಟಿದಂದಿನಿಂದ ಸಾಯುವವರೆಗೆ ಅದನ್ನು ಮಾಡುತ್ತಲೇ ಇರಬೇಕು. ಡಾಕ್ಟರಮ್ಮನ ಹನಿಯೂ ಪೊರೆಗೆ ತಾಗಿದರೆ ಪೊರೆ ಬಿಡು ಎನ್ನುತ್ತದೆ. ಪೊರೆಯೇ ಇಲ್ಲದೆ ಹನಿ ನೇರವಾಗಿ ಸ್ನಾಯುವಿಗೆ ತಾಗಿದರೆ ಅದು ಬೆಚ್ಚಿ ಇನ್ನಷ್ಟು ಮುದುಡುತ್ತದೆ. ಬೇಕಾದಾಗ ಬಿಗಿ ಎಂದು ಹೇಳುವುದೂ ಪೊರೆಗೆ ಗೊತ್ತು. ಆದರೆ ಹೊಗೆ ಕುಡಿದು ಕುಡಿದು, ವಯಸ್ಸಾಗಿ, ಪೊರೆ ಸೊರಗಿದರೆ ಬಿಡು ಎನ್ನುವ ಮಾತೇ ಮೊದಲು ಸೋಲುವುದು.

ಇದನ್ನೆಲ್ಲ ಅವಳು ಸಂಜೆ ನನಗೆ ಹೇಳಿದ್ದು ತನ್ನದೇ ರೀತಿಯಲ್ಲಿ. "ನೀವಿದ್ದ ಹಾಗೆ ಅತ್ತಿಗೆ. ಅಮ್ಮ ಬೈದಿದ್ದನ್ನ ನೀವು ಅಣ್ಣಂಗೆ ಬೈದ ಹಾಗೇ ಮುಟ್ಟಿಸ್ತಿದ್ರಾ? ಮೆತ್ತಗೆ ಮಾಡಿ ಹೇಳ್ತಿದ್ರಿ. ನೀವಿಲ್ದೆ ಅಮ್ಮನ ಮಾತು ನೇರ ಬಿದ್ದಿದ್ರೆ ಅವನು ಮನೆ ಬಿಟ್ಟು ಹೋಗಿರ್ತಿದ್ದ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಯಾಕೆಂದರೆ ಆ ಮಧ್ಯಾಹ್ನ ಅಲ್ಲಿಗೇ ಮುಗಿದಿರಲಿಲ್ಲ. ಪೊರೆ ಹೋದ ಮೇಲೆ ಬೇರೆ ದಾರಿಯೇ ಇಲ್ಲವೇ ಎಂದು ಅವಳು ಡಾಕ್ಟರಮ್ಮನನ್ನು ಕೇಳಿದ್ದಳು. ಇದೆಯಲ್ಲ ಎಂದು ಡಾಕ್ಟರಮ್ಮ, ಉಜ್ಜಿ ಬೋಳಾದ ಉಂಗುರವೊಂದನ್ನು ತೂಗುಹಾಕಿ, ಇನ್ನೊಂದು ಸೀಸೆಯಿಂದ ಹನಿ ಬಿಟ್ಟಳು. ಪೆನ್ನು ಸರಸರನೆ ಕೆಳಗಿಳಿಯಿತು. ಈ ಮದ್ದಿಗೆ ಪೊರೆಯ ಹಂಗಿಲ್ಲ, ಪೊರೆ ಕಳಿಸಬೇಕಾದದ್ದನ್ನು ಸ್ನಾಯುವಿನೊಳಗೆ ಇದೇ ಹುಟ್ಟಿಸುತ್ತದೆ ಎಂದಳು. ಆಮೇಲೆ, "ನಿಮ್ಮನೆಯವ್ರು ನಾಲಿಗೆ ಕೆಳಗೆ ಇಟ್ಕೊಳ್ತಾರಲ್ಲ, ಅದೇ ಇದು" ಎಂದು ಸೇರಿಸಿದಳು.

"ಅವ್ರಿಗೆ ಅದು ಹಿಡಿಸೋದೇ ಇಲ್ವಲ್ಲ."

"ಇಟ್ಕೊಂಡಾಗ ನಾಲಿಗೆ ಚುರುಗುಟ್ಟುತ್ತಾ? ತಲೆ ಧಿಂ ಅನ್ನುತ್ತಾ?"

"ಇಲ್ಲ. ಸೀಮೆಸುಣ್ಣ ಕಚ್ಚಿದ ಹಾಗಿರುತ್ತಂತೆ."

ಹಾಗಾದರೆ ಎಲ್ಲಿ ಇಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದಳು. ಉಜ್ಜಮ್ಮ ಹೇಳಿದಳು. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳಂತೆ. ಬಿಸಿನೀರಲ್ಲಿ ತೊಳೆದ ಡಬ್ಬಿ, ತಳದ ಹತ್ತಿ, ಸಡಿಲ ಮುಚ್ಚಳ, ಕಿಟಕಿಯ ಬೆಳಕು. ಹೇಳುತ್ತ ಹೇಳುತ್ತ ಡಾಕ್ಟರಮ್ಮನ ಮುಖ ನೋಡಿ ಅವಳ ಮಾತು ಅಲ್ಲೇ ನಿಂತಿತು. ಆ ಮಾತ್ರೆಯ ಸತ್ವ ಗಾಳಿಗೆ ಆರುವಂಥದ್ದು, ಬೆಳಕಿಗೆ ಕೆಡುವಂಥದ್ದು. ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರಿಕೊಳ್ಳುತ್ತವೆ. ಕಂದು ಗಾಜಿನ ಆ ಅಂಟಂಟು ಸೀಸೆಯಲ್ಲೇ, ಮುಚ್ಚಳ ಬಿಗಿಮಾಡಿ ಇಡಬೇಕಾದದ್ದು. ಔಷಧಿಯಂಗಡಿಯವನು ಸೀಸೆಯಲ್ಲೇ ಇರಲಿ ಎಂದದ್ದು ಅವಳಿಗೆ ಆಗ ನೆನಪಾಯಿತು. ಅಂಗಡಿಯವರು ಆಡುವ ಮಾತು ಎಂದುಕೊಂಡಿದ್ದಳು.

ಎರಡು ವರ್ಷಕ್ಕೂ ಮೇಲೆ ಅವನು ನಾಲಿಗೆಯ ಕೆಳಗೆ ಇಟ್ಟುಕೊಂಡದ್ದು ಬರೀ ಪುಡಿ.

ಆ ಸಂಜೆ ಅವಳು ಹೊಸ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ನನಗೆ ಎಲ್ಲ ಹೇಳಿದ ಮೇಲೆ, ಈಗ ಅವರಿಗೆ ಹೇಗೆ ಮುಖ ತೋರಿಸಲಿ ಅತ್ತಿಗೆ ಎಂದು ಕೇಳಿದಳು. ನಾನು ಅವಳ ಜೊತೆ ಅವರ ಮನೆಯವರೆಗೆ ನಡೆದುಹೋದೆ, ಅಷ್ಟೆ.

ಮರುದಿನ ನಸುಕಿನಲ್ಲಿ ನೋವು ಬಂತು. ಅವಳೇ ಮುಚ್ಚಳ ತಿರುಗಿಸಿ ಮಾತ್ರೆ ಇಟ್ಟಳು. ಬಣ್ಣದಣ್ಣ ಮುಖ ಸಿಂಡರಿಸಿ, "ಏನೇ ಇದು, ಮೆಣಸಿನಕಾಯಿ ಇಟ್ಟ ಹಾಗೆ ಚುರುಗುಟ್ಟುತ್ತೆ" ಎಂದ. ಅವನು ಆ ಮಾತು ಮುಗಿಸಿ ಇನ್ನೊಂದು ಮಾತು ಆಡುವಷ್ಟರಲ್ಲಿ ಹಿಂಡಿದ ಬಟ್ಟೆ ಬಿಚ್ಚಿದ ಹಾಗೆ ನೋವು ಬಿಟ್ಟುಹೋಯಿತು. ಅವನು ಎದ್ದು ಕೂತು ಎದೆ ಮುಟ್ಟಿಕೊಂಡು ನೋಡಿದ. ಆಮೇಲೆ ಅತ್ತ. ನೋವಿಗೆ ಅಳದವನು ನೋವು ಹೋದದ್ದಕ್ಕೆ ಅತ್ತ. ಅದನ್ನು ನೋಡಲಾರದೆ ಅವಳು ಡಬ್ಬಿಯ ಸಂಗತಿಯನ್ನು ಬಾಯಿಬಿಟ್ಟಳು.

ಅವನು ಕಿಟಕಿಯ ಕಟ್ಟೆಯ ಮೇಲಿದ್ದ ಹೊಳೆಯುವ ಡಬ್ಬಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ನನ್ನ ಜೇನುಬಣ್ಣ ಚೆಲ್ಲಿದಾಗ್ಲೇ ಹುಷಾರಾಗ್ಬೇಕಿತ್ತು ನಾನು" ಎಂದ. ಅವಳು ತಲೆ ಎತ್ತಲಿಲ್ಲ. "ಅಳ್ಬೇಡ ಕಣೇ. ನಾನು ನಾಟಕ ಆಡ್ತಿರ್ಲಿಲ್ಲ ಅಂತ ಇವತ್ತು ಗೊತ್ತಾಯ್ತಲ್ಲ. ನನಗೇ ಅನುಮಾನ ಬಂದುಬಿಟ್ಟಿತ್ತು."

ಈ ಮಾತನ್ನು ಉಜ್ಜಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಅವನ ನೋವು ಗುಂಡಿಗೆಯದೇ ಎಂದು ಈಗ ಆಸ್ಪತ್ರೆಯವರು ಒಪ್ಪಿದರು. ಪಾದ ಊದದಂಥ ಬೇರೆ ಮಾತ್ರೆ ಕೊಟ್ಟರು. ನನ್ನ ಗಂಡ ಹೋಗಿ ಅವನ ಪಕ್ಕ ಕೂತು, ಏ ಭಾವ ಎಂದು ಶುರುಮಾಡಿ, ಅಷ್ಟಕ್ಕೇ ಬಿಟ್ಟು ಅವನ ಬ್ರಷ್ಷುಗಳನ್ನೆಲ್ಲ ತೊಳೆದುಕೊಟ್ಟು ಬಂದರು. ಆದರೆ ಆಸ್ಪತ್ರೆಯವರು ಇನ್ನೊಂದು ಮಾತನ್ನೂ ಹೇಳಿದ್ದರು. ಅಷ್ಟು ದಿನ ನಾಳ ಹಿಡಿದು ಹಿಡಿದು, ರಕ್ತ ಸಿಗದೆ, ಗುಂಡಿಗೆಯ ಒಂದು ಭಾಗ ಸತ್ತಿದೆ. ಅದು ಇನ್ನು ಮರಳುವುದಿಲ್ಲ.

ಅವನು ಮತ್ತೆ ಏಣಿ ಹತ್ತಿದ, ಎರಡು ಮೆಟ್ಟಿಲು ಮಾತ್ರ. ಕ್ಷೌರದಂಗಡಿಯವನಿಗೂ ಹೊಸ ಬೋರ್ಡು ಬರೆದುಕೊಟ್ಟ. ಅಡುಗೆಮನೆಯ ಬಾಗಿಲಿನ ತಗಡಿನಲ್ಲಿ ಅಕ್ಷರಗಳು ಅವಳು ಒರೆಸಿ ಒರೆಸಿ ಸವೆದುಹೋಗಿದ್ದವು. ಅದನ್ನೂ ತಿದ್ದಿಕೊಡುತ್ತೇನೆ ಎಂದಿದ್ದ. ಮೊದಲು ದುಡ್ಡು ಬರುವ ಬೋರ್ಡು ಮುಗಿಸಿ ಎಂದು ಅವಳು ಹೇಳಿದಳು. ಚಳಿಗಾಲ ಕಳೆಯುವ ಮೊದಲೇ, ಒಂದು ಬೆಳಿಗ್ಗೆ, ಕೈಯಲ್ಲಿ ಕಂದು ಸೀಸೆ ಹಿಡಿದುಕೊಂಡೇ ಹೋದ. ಮಾತ್ರೆ ನಾಲಿಗೆಯ ಕೆಳಗೇ ಇತ್ತು. ಆವತ್ತು ನಾಳ ಬಿಗಿದದ್ದಲ್ಲ, ಸೋತ ಗುಂಡಿಗೆ ತಾಳ ತಪ್ಪಿದ್ದು ಎಂದು ಡಾಕ್ಟರು ಹೇಳಿದರು.

ಮಣ್ಣಿಗೆ ಬಂದ ಡಾಕ್ಟರಮ್ಮ ಜನವೆಲ್ಲ ಹೋದ ಮೇಲೂ ಕೂತಿದ್ದಳು. ಉಜ್ಜಮ್ಮ ಅವಳನ್ನು ಕೇಳಿದ ಮಾತು ನನ್ನ ಕಿವಿಗೆ ಬಿತ್ತು.

"ಆ ಎರಡು ವರ್ಷ ಚುರುಗುಟ್ಟೋ ಮಾತ್ರೆ ಕೊಟ್ಟಿದ್ರೆ ಇರ್ತಿದ್ರಾ ಡಾಕ್ಟರಮ್ಮ?"

ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ, ಮೆತ್ತಗೆ ಮಾಡಿ. ಡಾಕ್ಟರಮ್ಮ ಹಾಗೆ ಮಾಡಲಿಲ್ಲ.

"ಇರ್ತಿರ್ಲಿಲ್ಲ ಅಂತ ಹೇಳೋಕೆ ನನಗೆ ಬರಲ್ಲಮ್ಮ" ಎಂದಳು.

ಉಜ್ಜಮ್ಮ ತಲೆ ಆಡಿಸಿದಳು. ಮತ್ತೆ ಯಾರನ್ನೂ ಅದನ್ನು ಕೇಳಲಿಲ್ಲ.

ಕೆಲಸ ಬಿಡುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಬಿಡಲಿಲ್ಲ. ಮುದುಕಿಯಾಗಿ ಕಣ್ಣು ಮಂಜಾಗುವವರೆಗೂ ಆ ಕೋಣೆಯಲ್ಲಿ ನಾಳಗಳನ್ನು ಅಣಿಮಾಡಿಕೊಟ್ಟಳು. ಒಳಗೆ ಹತ್ತಿ ಸೋಕಿಸುತ್ತಿರಲಿಲ್ಲ, ಚಿಮಟದ ಮೊನೆ ತಾಗಿಸುತ್ತಿರಲಿಲ್ಲ, ತೆಳ್ಳಗೆ ನೀರು ಹಾಯಿಸುತ್ತಿದ್ದಳು. ಅವಳ ಉಂಗುರಗಳು ಬಿಟ್ಟಷ್ಟು ಚೆನ್ನಾಗಿ ಬೇರೆ ಯಾರವೂ ಬಿಡುತ್ತಿರಲಿಲ್ಲವಂತೆ. ಆದರೆ ಗೆರೆ ಕೆಳಗಿಳಿಯುವ ಹೊತ್ತಿಗೆ ಅವಳು ಏನೋ ನೆಪ ಹೂಡಿ ಹೊರಗೆ ಹೋಗುತ್ತಿದ್ದಳು ಎಂದು ಡಾಕ್ಟರಮ್ಮ ಒಮ್ಮೆ ನನಗೆ ಹೇಳಿದಳು.

ಮನೆಯಲ್ಲೂ ಉಜ್ಜುವುದು ನಿಂತಿತು. ಪಾತ್ರೆಗಳನ್ನು ನೀರಲ್ಲಿ ಜಾಲಿಸಿ ಇಡುತ್ತಾಳೆ. ಲೋಟದ ತಳದಲ್ಲಿ ಚಹಾದ ಕಲೆ ಇರುತ್ತದೆ, ನಲ್ಲಿಯ ಬುಡದಲ್ಲಿ ಪಾಚಿ. ಬೀದಿಯ ಹೊಸಬರಿಗೆ ಆ ಹೆಸರು ಯಾಕೆ ಬಂತೆಂದೇ ತಿಳಿಯುವುದಿಲ್ಲ. ಇಂಥ ಮನೆಯವಳಿಗೆ ಉಜ್ಜಮ್ಮ ಎಂದು ಯಾರಿಟ್ಟರು ಎಂದು ನಗುತ್ತಾರೆ.

ಮೊನ್ನೆ ಅವಳಿಗೆ ಜ್ವರವೆಂದು ನಾನು ಹೋಗಿದ್ದೆ. ಅವಳು ಮಲಗಿದ್ದಳು, ನಾನು ಗಂಜಿ ಕಾಯಿಸಿ, ಕೈ ಸುಮ್ಮನಿರದೆ ಅಡುಗೆಮನೆ ಒಂದಿಷ್ಟು ಹಸನು ಮಾಡಿದೆ. ಬಾಗಿಲಿನ ತಗಡಿನ ಮೇಲೆ ವರ್ಷಗಳ ಧೂಳು ದಪ್ಪಗೆ ಕೂತಿತ್ತು. ಒದ್ದೆಬಟ್ಟೆ ಹಿಂಡಿ ಕೈಯೆತ್ತಿದೆ. ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದಳು. ಜ್ವರದ ಕೈ ಸುಡುತ್ತಿತ್ತು.

"ಬೇಡ ಅತ್ತಿಗೆ. ಅವರ ಕೈಯಕ್ಷರ ಇನ್ನೂ ನಾಲ್ಕಾದ್ರೂ ಉಳಿದಿರಬೇಕು ಅದರ ಕೆಳಗೆ."

ನಾನು ಬಟ್ಟೆಯನ್ನು ಕೆಳಗಿಟ್ಟೆ. ಅವಳ ಹಿಡಿತ ಸಡಿಲಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.